ಕೈಬಿಟ್ಟ ಹದಿಮೂರು ತಲೆಗಳು

ಹುಬ್ಬಳ್ಳಿ ವಿಮಾನ ನಿಲ್ದಾಣ

ಫಿನ್‌ಲೆಂಡಿಗೆ ಹೋಗಿಬಂದವರು ಸರೋವರ, ಕಾಡು, ಮುಳುಗಲೊಲ್ಲದ ಸೂರ್ಯ ಅಂತ ಶುರು ಮಾಡುತ್ತಾರೆ. ನಾನು ಹೊಟ್ಟೆಕಿಚ್ಚಿನಿಂದ ಶುರು ಮಾಡಬೇಕು, ಯಾಕೆಂದರೆ ನನ್ನ ಪ್ರವಾಸ ಶುರುವಾದದ್ದೇ ಅದರಿಂದ. ಅದೂ ಯಾರ ಮೇಲೆ? ನನ್ನದೇ ಶಿಷ್ಯೆಯ ಮೇಲೆ.

ಶೈಲಜಾ ಮುಗದದ ಹುಡುಗಿ. ಧಾರವಾಡದಲ್ಲಿ ನನ್ನ ಮನಃಶಾಸ್ತ್ರದ ತರಗತಿಯಲ್ಲಿ ಮೂರನೇ ಬೆಂಚಿನ ಮೇಲೆ ಕೂತು, ನಾನು ಕೆಮ್ಮಿದರೂ ಬರೆದುಕೊಳ್ಳುತ್ತಿದ್ದಳು. ಈಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಅವಳದೇ ಪ್ರಯೋಗಾಲಯವಿದೆ. ನನ್ನದು ಧಾರವಾಡದಲ್ಲಿ ಒಂದು ಕೋಣೆ, ಒಂದು ಹಳೆಯ ಯಂತ್ರ. ಇಬ್ಬರೂ ಮಾಡುವ ಕೆಲಸ ಒಂದೇ: ಬೆಳಕು ಬಿಟ್ಟು ಮಿದುಳು ನೋಡುವುದು.

ಇದೇನು ಮಾಟವಲ್ಲ. ಚಿಕ್ಕವರಿದ್ದಾಗ ಬ್ಯಾಟರಿ ಹಚ್ಚಿ ಅಂಗೈಗೆ ಒತ್ತಿ ಹಿಡಿದರೆ ಬೆರಳುಗಳು ಕೆಂಪಗೆ ಹೊಳೆಯುತ್ತಿದ್ದವಲ್ಲ, ಅದೇ ಸಂಗತಿ. ಬಟ್ಟೆಯ ಟೊಪ್ಪಿಗೆಯೊಂದರಲ್ಲಿ ಸಣ್ಣ ದೀಪಗಳಿರುತ್ತವೆ, ಪಕ್ಕದಲ್ಲಿ ಬೆಳಕು ಹಿಡಿಯುವ ಗುಂಡಿಗಳಿರುತ್ತವೆ. ಕಣ್ಣಿಗೆ ಕಾಣದ ಕೆಂಪು ಬೆಳಕು ತಲೆಬುರುಡೆ ದಾಟಿ ಒಂದಿಷ್ಟು ಒಳಗೆ ಹೋಗಿ ಹೊರಗೆ ಬರುತ್ತದೆ. ಮಿದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ಹೊಸ ರಕ್ತ ಹರಿಯುತ್ತದೆ. ಹೊರಗೆ ಬಂದ ಬೆಳಕು ಅದರ ಸುದ್ದಿ ತರುತ್ತದೆ. ಸೂಜಿಯಿಲ್ಲ, ನೋವಿಲ್ಲ.

ಫಿನ್‌ಲೆಂಡಿನ ಉತ್ತರದಲ್ಲಿರುವ ಔಲು ಎಂಬ ಊರಿನಲ್ಲಿ ಈ ಕೆಲಸದವರ ಕಮ್ಮಟವೊಂದು ಏರ್ಪಾಡಾಗಿತ್ತು. ಕೆಲಸ ಮಾಡುವುದನ್ನಲ್ಲ, ಮಾಡಿದ ಕೆಲಸವನ್ನು ಹೇಗೆ ಬರೆದು ತೋರಿಸಬೇಕು ಎಂಬುದನ್ನು ಕಲಿಸುವ ಕಮ್ಮಟ. ಕೊನೆಯ ದಿನ ಎಲ್ಲರೂ ತಮ್ಮ ತಮ್ಮ ಕೆಲಸ ಮುಂದಿಡಬೇಕು. ಅವರಲ್ಲಿ ಒಬ್ಬರಿಗೆ ಹೊಚ್ಚಹೊಸ ಯಂತ್ರವೊಂದನ್ನು ಎರಡು ವರ್ಷ ಬಳಸಲು ಕೊಡುತ್ತಾರೆ. ನನಗೆ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನನ್ನ ಯಂತ್ರದ ಟೊಪ್ಪಿಗೆಯ ಎಲಾಸ್ಟಿಕ್ ಸಡಿಲಾಗಿ ಸೇಫ್ಟಿಪಿನ್ ಹಚ್ಚಿದ್ದೆ. ಅದೂ ಕೈಕೊಟ್ಟರೆ ನನ್ನ ಕೋಣೆ ಹಳೆಯ ಉತ್ತರಪತ್ರಿಕೆ ಒಟ್ಟುವ ಗೋದಾಮಾಗುತ್ತದೆ ಎಂದು ಕಾಲೇಜಿನಲ್ಲಿ ಆಗಲೇ ಗುಸುಗುಸು. ಆ ಯಂತ್ರ ನನಗೆ ಬೇಕಾಗಿತ್ತು. ಶೈಲಜಾಳಿಗೂ ಬೇಕಾಗಿತ್ತು.

ಬೀಳ್ಕೊಡಲು ಬಂದ ನನ್ನ ಹೆಂಡತಿ ಸರೋಜಾ, ದೂರದಲ್ಲಿ ಹೊಸ ಸೂಟ್‌ಕೇಸು ಉರುಳಿಸುತ್ತ ಬರುತ್ತಿದ್ದ ಶೈಲಜಾಳನ್ನು ನೋಡಿ ನನ್ನ ಮೊಣಕೈ ತಿವಿದಳು.

"ಮಾರಿ ಯಾಕ ಹಂಗ ಮಾಡೀರಿ? ನಿಮ್ಮ ಶಿಷ್ಯಾನ ಅಲ್ಲೇನ್ರಿ? ಆಕಿಗೆ ಸಿಕ್ರ ನಿಮಗ ಸಿಕ್ಕಂಗ."

"ಹಂಗಾದ್ರ ನನಗ ಸಿಕ್ರ ಆಕಿಗೆ ಸಿಕ್ಕಂಗ ಆಗೂದಿಲ್ಲೇನು?"

"ಪುಣ್ಯಾ, ಹೊಟ್ಟಿಕಿಚ್ಚಿಗೆ ತೂಕಿಲ್ಲ," ಎಂದಳು ಸರೋಜಾ. "ಇದ್ದಿದ್ರ ನಿಮ್ಮ ಬ್ಯಾಗ್ ಇಲ್ಲೇ ಇಳಸ್ತಿದ್ರು."

ಹೆಲ್ಸಿಂಕಿಯಿಂದ ಉತ್ತರಕ್ಕೆ, ರೈಲು

ವಿಮಾನಗಳ ಕಥೆ ಬೇಡ. ಹೆಲ್ಸಿಂಕಿಯಿಂದ ಔಲುವಿಗೆ ರೈಲಿನಲ್ಲಿ ಇಡೀ ಹಗಲಿನ ದಾರಿ. ಕಿಟಕಿಯ ಪಕ್ಕದ ಸೀಟು ಶೈಲಜಾಳದು. ಅದನ್ನೂ ನನ್ನ ಮನಸ್ಸು ಗಂಟು ಹಾಕಿಕೊಂಡಿತು.

ಎದುರಿಗೆ ಒಬ್ಬ ಮುದುಕ ಕೂತಿದ್ದ. ನಮ್ಮಲ್ಲಿ ಧಾರವಾಡದ ಬಸ್ಸು ಲಕಮನಹಳ್ಳಿ ದಾಟುವುದರೊಳಗೆ ಪಕ್ಕದವನಿಗೆ ನಮ್ಮ ತಾಯಿಯ ತವರೂರು, ಮಗಳಿಗೆ ವರ ನೋಡುತ್ತಿರುವುದು, ಮೊಣಕಾಲು ನೋವು ಎಲ್ಲ ಗೊತ್ತಾಗಿರುತ್ತದೆ. ಆ ರೂಢಿಯಲ್ಲಿ ನಾನು, "ಇವತ್ತು ಬಿಸಿಲು ಬಹಳ ಚೆನ್ನಾಗಿದೆ" ಎಂದು ಇಂಗ್ಲಿಷಿನಲ್ಲಿ ಮಾತು ತೆಗೆದೆ. ಮುದುಕ "ಹೌದು" ಎಂದ. ಅಷ್ಟೇ. ಕಾಡು ಕಳೆಯಿತು, ಕೆರೆ ಕಳೆಯಿತು, ಮತ್ತೆ ಕಾಡು ಬಂತು. ಒಂದೂವರೆ ತಾಸಿನ ಮೇಲೆ ಅವನು ಇಳಿಯಲು ಎದ್ದು, ಕೋಟು ಹಾಕಿಕೊಂಡು, ನನ್ನ ಕಡೆ ಬಗ್ಗಿ ಹೇಳಿದ: "ನಿನ್ನೆಯೂ ಚೆನ್ನಾಗಿತ್ತು." ಅಷ್ಟು ಹೊತ್ತು ಅವನು ಅದನ್ನೇ ಯೋಚಿಸಿದ್ದನೋ ಏನೋ.

ಶೈಲಜಾ ಲ್ಯಾಪ್‌ಟಾಪ್ ತೆರೆದಳು. ಕಸೂತಿ ಹಾಕುವ ಹೆಣ್ಣುಮಕ್ಕಳು ಬಟ್ಟೆಯ ಎಳೆಗಳನ್ನು ಮನಸ್ಸಿನಲ್ಲೇ ಎಣಿಸುವಾಗ ಮಿದುಳಿನಲ್ಲಿ ಏನಾಗುತ್ತದೆ ಎಂಬುದು ಅವಳ ಅಧ್ಯಯನ.

"ಸರ್, ನೋಡ್ರಿ ಸ್ವಲ್ಪ. ಛಲೋ ಬಂದಾವಲ್ರಿ ಗೆರಿ?"

ಬಂದಿದ್ದವು. ಕೆಂಪು ಗೆರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿದಿತ್ತು. ನೀಲಿ ಗೆರೆ ಅದರ ಕೆಳಗೆ ಸೊಸೆಯಂತೆ ತಗ್ಗಿ ನಡೆದಿತ್ತು. ಹೊಸ ರಕ್ತದ್ದು ಕೆಂಪು, ಹಳೆಯ ರಕ್ತದ್ದು ನೀಲಿ. ಒಂದು ಏರಿದಾಗ ಇನ್ನೊಂದು ಇಳಿದರೆ ಮಿದುಳು ಕೆಲಸ ಮಾಡಿದ್ದು ಖಾತ್ರಿ.

"ಅಡ್ಡಿಯಿಲ್ಲ," ಎಂದೆ. ಮೂವತ್ತು ವರ್ಷ ಮೇಷ್ಟರಾದವನಿಗೆ ಈ ಒಂದು ಪದದಲ್ಲಿ ಮಂದಿಯನ್ನು ನೆಲಕ್ಕಿಳಿಸುವ ಕಲೆ ಗೊತ್ತಿರುತ್ತದೆ. ಶೈಲಜಾ ಲ್ಯಾಪ್‌ಟಾಪ್ ಮುಚ್ಚಿದಳು.

ನನ್ನ ಕೆಲಸದ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಅಮ್ಮಿನಬಾವಿಯಲ್ಲಿ ಬೀಸುವ ಹಾಡು ಬಾಯಿಪಾಠವಿರುವ ಹೆಂಗಸರಿದ್ದಾರೆ. ಒಂದಕ್ಷರ ಓದದವರು, ತಾಸುಗಟ್ಟಲೆ ಹಾಡುವವರು. ನನ್ನ ಅಜ್ಜಿಯಂಥವರು. ನನಗೆ ಕನ್ನಡ ಬಂದದ್ದೇ ಅಂಥವರ ಬಾಯಿಂದ. ಹಾಡನ್ನು ಮನಸ್ಸಿನಲ್ಲಿ ನೆನೆಯುವಾಗ ಅವರ ಕಿವಿಯ ಮೇಲ್ಭಾಗದ ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡಬೇಕಿತ್ತು. ತಲೆ ತೊಳೆದು ಬರಿಗೂದಲಲ್ಲಿ ಬರ್ರಿ ಎಂದು ಹೇಳಿಕಳಿಸಿದ್ದೆ. ಅವರು ತೊಳೆದರು. ಆದರೆ ಸಾಲಿ ಮಾಸ್ತರರ ಮುಂದೆ ಒಣತಲೆಯಲ್ಲಿ ಕೂಡುವುದೇ? ಮೂವತ್ತು ಮಂದಿಯೂ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೆಲ್ಲ ಹಚ್ಚಿ, ಬಿಗಿಯಾಗಿ ಹೆರಳು ಹಾಕಿಕೊಂಡು, ಮದುವೆಗೆ ಬಂದಂತೆ ಬಂದರು. ದಟ್ಟ ಕರಿಗೂದಲು ಬೆಳಕನ್ನು ಕುಡಿದುಬಿಡುತ್ತದೆ. ಪ್ರತಿ ಗುಂಡಿಯ ಕೆಳಗೂ ಕೂದಲು ಸೀಳಿ ನೆತ್ತಿಯ ಚರ್ಮ ಕಾಣುವ ಹಾಗೆ ಮಾಡಬೇಕು. ಪರಹೆಣ್ಣುಮಕ್ಕಳ ತಲೆಗೆ ನಾನು ಕೈ ಹಚ್ಚುವುದು ಹೇಗೆ? ಟೊಪ್ಪಿಗೆ ಎಳೆದು ಕೂಡಿಸಿ, ದೇವರ ಮೇಲೆ ಭಾರ ಹಾಕಿದೆ. ಹದಿಮೂರು ತಲೆಗಳಿಂದ ಬಂದ ಗೆರೆ ಕೋಳಿ ಕೆದರಿದ ಹಾಗಿತ್ತು.

ಆ ಹದಿಮೂರನ್ನು ತೆಗೆದುಹಾಕಿದೆ. ಔಲುವಿನಲ್ಲಿ ಗೋಡೆಗೆ ಹಚ್ಚಬೇಕಾದ ಪೋಸ್ಟರಿನಲ್ಲಿ "ಹದಿನೇಳು ಮಹಿಳೆಯರು ಭಾಗವಹಿಸಿದರು" ಎಂದು ಬರೆದೆ. ಹದಿನೇಳು ಮಂದಿ ಭಾಗವಹಿಸಿದ್ದು ಸುಳ್ಳಲ್ಲವಲ್ಲ!

ಔಲು, ಮೊದಲ ದಿನ

ಕಮ್ಮಟದ ಹಿರಿಯರ ಹೆಸರು ಹೈಕ್ಕಿ. ಆರೂವರೆ ಅಡಿಯ ಆಳು, ಬೋಳು ತಲೆ. ಟೊಪ್ಪಿಗೆಯನ್ನು ತಾವೇ ಹಾಕಿಕೊಂಡು ತೋರಿಸಿದರು. ಪರದೆಯ ಮೇಲೆ ಗೆರೆ ಆ ಕ್ಷಣವೇ ಬಂತು, ಅಂಗಳದ ನಲ್ಲಿಯ ನೀರಿನಂತೆ. ಆಮೇಲೆ ಅವರ ವಿದ್ಯಾರ್ಥಿನಿಯೊಬ್ಬಳು ಕೂತಳು. ಮೆಕ್ಕೆಜೋಳದ ತೆನೆಯ ರೇಷ್ಮೆಯಂಥ ತೆಳ್ಳನೆಯ ಬಿಳಿಗೂದಲು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ನಾನು ಜೀವಮಾನದಲ್ಲಿ ಮಂದಿಯ ಹೊಲ ನೋಡಿ ಆಸೆಪಟ್ಟವನಲ್ಲ, ಕಾರು ನೋಡಿ ಪಟ್ಟವನಲ್ಲ. ಅವತ್ತು ಒಂದು ಇಡೀ ದೇಶದ ಕೂದಲು ನೋಡಿ ಹೊಟ್ಟೆ ಉರಿದುಕೊಂಡೆ.

ಹೈಕ್ಕಿಯ ಪಾಠ ಸರಳವಾಗಿತ್ತು. ಓದುವವನು ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ ಹಾಗೆ ಬರೆಯಿರಿ ಎಂದರು. ದೀಪಕ್ಕೂ ಗುಂಡಿಗೂ ಎಷ್ಟು ಅಂತರ, ಗೆರೆಯಲ್ಲಿ ಬೆರೆತ ಬೇಡದ ಏರಿಳಿತವನ್ನು ಹೇಗೆ ಸೋಸಿದಿರಿ, ನೆತ್ತಿಯ ಚರ್ಮದ ರಕ್ತವನ್ನು ಮಿದುಳಿನ ರಕ್ತದಿಂದ ಹೇಗೆ ಬೇರೆ ಮಾಡಿದಿರಿ, ಎಲ್ಲ ಬರಬೇಕು. ಕೆಂಪು ಗೆರೆ ಚೆಂದ ಬಂದಿದೆಯೆಂದು ಅದನ್ನಷ್ಟೇ ತೋರಿಸಿ ನೀಲಿಯನ್ನು ಮುಚ್ಚಿಡಬಾರದು. ಕೂದಲು ಎಂಥದು, ಬಣ್ಣ ಎಂಥದು, ಅದೂ ಬರಬೇಕು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ಯಾರನ್ನು ಕೈಬಿಟ್ಟಿರಿ, ಯಾಕೆ ಬಿಟ್ಟಿರಿ, ಬಿಡುವ ನಿಯಮವನ್ನು ಗೆರೆ ನೋಡುವ ಮೊದಲೇ ಮಾಡಿಕೊಂಡಿದ್ದಿರೋ ನೋಡಿದ ಮೇಲೋ. ನಾನು ಮೊದಲು ಓದುವುದು ಅದನ್ನೇ."

ನಾನು ನೋಟ್‌ಬುಕ್ಕಿನಲ್ಲಿ ಬಹಳ ಏಕಾಗ್ರತೆಯಿಂದ ಒಂದು ಎಲೆಯ ಚಿತ್ರ ಬರೆದೆ.

ಮಧ್ಯಾಹ್ನದ ಊಟಕ್ಕೆ ರೈ ಧಾನ್ಯದ ಒಣರೊಟ್ಟಿ ಇಟ್ಟಿದ್ದರು. ದುಂಡಗೆ, ಕಪ್ಪಗೆ, ನಡುವೆ ತೂತು. ಹಿಂದಿನ ಕಾಲದಲ್ಲಿ ಆ ತೂತಿಗೆ ಗಳ ಪೋಣಿಸಿ ಅಡುಗೆಮನೆಯ ಮಾಡಿಗೆ ತೂಗುಹಾಕುತ್ತಿದ್ದರಂತೆ, ತಿಂಗಳುಗಟ್ಟಲೆ ಇರುತ್ತಿತ್ತಂತೆ. ನಮ್ಮ ಖಡಕ್ ರೊಟ್ಟಿಯ ಅಣ್ಣತಮ್ಮ! ಸರೋಜಾ ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು, ಅಂದರೆ ಖಾರದ ಚಟ್ನಿಪುಡಿಯನ್ನು, ನಾನು ಅದರ ಮೇಲೆ ಉದುರಿಸಿ ಹೈಕ್ಕಿಗೆ ಕೊಟ್ಟೆ. ತಿಂದರು, ಕಣ್ಣಲ್ಲಿ ನೀರು ಬಂತು, ಇನ್ನಷ್ಟು ಬೇಡಿದರು. ಯಂತ್ರ ಅರ್ಧ ನನ್ನದಾಯಿತು ಅಂದುಕೊಂಡೆ. ಅಷ್ಟರಲ್ಲಿ ಶೈಲಜಾ ಊಟದ ಮೇಜಿನಿಂದ ಗಟ್ಟಿ ಮೊಸರಿನಂಥದ್ದೇನನ್ನೋ ತಂದು, "ಖಾರಕ್ಕೆ ಇದನ್ನು ಹಚ್ಚಿಕೊಳ್ಳಿ" ಎಂದು ಅವರ ತಟ್ಟೆಗೆ ಬಡಿಸಿದಳು. ಹೈಕ್ಕಿ ಅವಳನ್ನು ನೋಡಿ ನಕ್ಕರು.

ಎರಡನೇ ದಿನ, ಸೌನಾ

ಸಂಜೆ ಗಂಡಸರನ್ನೆಲ್ಲ ಸೌನಾಕ್ಕೆ ಕರೆದರು. ಸೌನಾ ಎಂದರೆ ಕಟ್ಟಿಗೆಯ ಗೋಡೆಯ ಸಣ್ಣ ಕೋಣೆ, ಕಾದ ಕಲ್ಲುಗಳು, ಬೆವರು. ಬಟ್ಟೆ ಹಾಕುವಂತಿಲ್ಲ. ನಾನು ಪಟ್ಟಾಪಟ್ಟಿ ಚಡ್ಡಿಯಲ್ಲಿ ಬಾಗಿಲಿಗೆ ಹೋದರೆ ಹೈಕ್ಕಿ ಸಂಕೋಚದಿಂದ ತಲೆಯಾಡಿಸಿ ಒಂದು ಟವೆಲ್ ಕೊಟ್ಟರು. ಒಳಗೆ ಮೆಟ್ಟಿಲಿನಂತೆ ಮೂರು ಹಲಗೆಗಳು. ಎಲ್ಲರೂ ಕೆಳಗಿನ ಎರಡರ ಮೇಲೆ ಕೂತಿದ್ದರು. ಮೇಲಿನದು ಖಾಲಿ. ಅತಿಥಿಗೆ ಎತ್ತರದ ಜಾಗ ಬಿಟ್ಟಿದ್ದಾರೆ ಎಂದು ನಾನು ಅಭಿಮಾನದಿಂದ ಹತ್ತಿ ಕೂತೆ. ಶಾಖವೆಲ್ಲ ಮೇಲೆ ಹೋಗಿ ನಿಲ್ಲುತ್ತದೆ ಎಂಬ ಎರಡನೇ ಇಯತ್ತೆಯ ಪಾಠ ಮರೆತಿತ್ತು. ಕಿವಿಯ ತುದಿ ಹಪ್ಪಳದಂತೆ ಸುಟ್ಟಿತು. ಇಳಿದರೆ ಮಾನ ಹೋಗುತ್ತದೆಂದು ಕೂತೇ ಇದ್ದೆ.

ಉಳಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ಹೈಕ್ಕಿ ಮತ್ತು ನಾನು ಉಳಿದೆವು. ಆಗ ನಾನು ಆಡಬಾರದ ಮಾತೊಂದನ್ನು ಆಡಿದೆ.

"ಶೈಲಜಾಳ ಗೆರೆಗಳನ್ನು ನೋಡಿದಿರಲ್ಲ," ಎಂದೆ. "ನಮ್ಮ ಕಡೆಯ ಕೂದಲಿನಿಂದ ಅಷ್ಟು ಸ್ವಚ್ಛವಾದ ಗೆರೆ ಬರುವುದಿಲ್ಲ. ಎಲ್ಲೋ ಏನೋ ಕೈಬಿಟ್ಟಿರಬೇಕು."

ಹೈಕ್ಕಿ ಸೌಟಿನಿಂದ ಕಲ್ಲುಗಳ ಮೇಲೆ ನೀರು ಸುರಿದರು. ಚುಸ್ ಎಂದು ಆವಿ ಎದ್ದಿತು. ಇನ್ನೊಂದು ಸೌಟು ಸುರಿದರು. ರೈಲಿನ ಮುದುಕನಂತೆ ಇವರೂ ನಿನ್ನೆಯ ಹವಾಮಾನ ಹೇಳಿಯಾರು ಎಂದುಕೊಳ್ಳುವಷ್ಟರಲ್ಲಿ, "ಹಾಗಾದರೆ ನಾಳೆ ಅವಳನ್ನೇ ಕೇಳಿ. ಎಲ್ಲರ ಮುಂದೆ ಕೇಳಿ," ಎಂದರು.

ಹೊರಗೆ ಬಂದು ತಣ್ಣೀರು ಹೊಯ್ದುಕೊಂಡೆ. ಹತ್ತು ಬಕೆಟ್ಟು ಹೊಯ್ದರೂ ಆ ಮಾತು ಮೈಯಿಂದ ಇಳಿಯಲಿಲ್ಲ.

ಮೂರನೇ ದಿನ

ಶೈಲಜಾ ಮೊದಲು ಮಾತಾಡಿದಳು. ಮುಗಿದ ಕೂಡಲೇ ಹೈಕ್ಕಿ ನನ್ನ ಕಡೆ ನೋಡಿದರು. ಎದ್ದು ನಿಂತು ಕೇಳಿದೆ: "ಎಷ್ಟು ಮಂದಿಯನ್ನು ಕೈಬಿಟ್ಟಿದ್ದೀರಿ?"

ಅವಳ ಮುಖ ಅರಳಿತು. ಮೇಷ್ಟರು ತನಗೆ ಬೇಕಾದ ಪ್ರಶ್ನೆಯನ್ನೇ ಕೇಳಿದರೆ ಮೂರನೇ ಬೆಂಚಿನಲ್ಲಿ ಹೀಗೇ ಅರಳುತ್ತಿತ್ತು.

"ಇಬ್ಬರನ್ನು," ಎಂದು ಮುಂದಿನ ಪುಟ ತೆರೆದಳು. ಅಲ್ಲಿ ಎಲ್ಲ ಇತ್ತು. ಒಬ್ಬಳಿಗೆ ನೆಗಡಿ, ಸೀನು ನಿಲ್ಲಲಿಲ್ಲ. ಇನ್ನೊಬ್ಬಳಿಗೆ ನಗು, ಅದೂ ನಿಲ್ಲಲಿಲ್ಲ. ಯಾರನ್ನು ಬಿಡಬೇಕು ಎಂಬ ನಿಯಮ ಮೊದಲೇ ಬರೆದಿಟ್ಟದ್ದು. ಅದರ ಕೆಳಗೆ ಒಂದು ಫೋಟೋ: ಮೊಣಕಾಲಿನ ನಡುವೆ ಒಬ್ಬಳ ತಲೆ ಹಿಡಿದುಕೊಂಡು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಕೈಯಲ್ಲಿ ಹಣಿಗೆ ಹಿಡಿದ ಮುದುಕಿ.

"ಇವರು ನನ್ನ ದೊಡ್ಡಮ್ಮ ಗಂಗವ್ವ," ಎಂದಳು ಶೈಲಜಾ. "ನಮ್ಮ ಓಣಿಯಲ್ಲಿ ಯಾರ ತಲೆಯಲ್ಲಿ ಹೇನಾದರೂ ಇವರ ಮುಂದೆ ಕೂಡಿಸುತ್ತಾರೆ. ಒಂದೊಂದು ಗುಂಡಿಗೂ ಹಣಿಗೆಯ ಬಾಲದಿಂದ ಬೈತಲೆ ತೆಗೆದವರು ಇವರೇ. ಎಣ್ಣೆ ಹಚ್ಚಿಕೊಂಡು ಬಂದವರನ್ನು ಬೈದು ಮತ್ತೆ ತಲೆ ತೊಳೆಸಿದವರೂ ಇವರೇ. ಪ್ರಯೋಗಕ್ಕಿಂತ ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಎಷ್ಟು ಹೊತ್ತು ಎಂಬುದನ್ನೂ ಬರೆದಿದ್ದೇನೆ."

ಸಭೆ ಚಪ್ಪಾಳೆ ತಟ್ಟಿತು. ಜನ್ಮದಲ್ಲಿ ಬಾಯಿ ಬಿಡದ ಫಿನ್ನರು ನಕ್ಕರು. ನನಗೆ ಚಿಂತೆ ಹತ್ತಿದ್ದು ಒಂದೇ: ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಬೆಳೆದ ನನಗೆ ಒಬ್ಬ ಗಂಗವ್ವ ಯಾಕೆ ಹೊಳೆಯಲಿಲ್ಲ?

ಶೈಲಜಾ ಇನ್ನೂ ಮುಗಿಸಿರಲಿಲ್ಲ. "ಕೈಬಿಟ್ಟವರನ್ನು ಬರೆಯಲಿಲ್ಲ ಅಂತ ನನ್ನ ಪ್ರಬಂಧವನ್ನು ಎರಡು ಸಲ ಹಿಂದಿರುಗಿಸಿದ ಮೇಷ್ಟರು ಒಬ್ಬರಿದ್ದರು. ಈಗ ಪ್ರಶ್ನೆ ಕೇಳಿದವರು ಅವರೇ," ಎಂದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಹೈಕ್ಕಿ ಮಾತ್ರ ಗೋಡೆಯ ಮೇಲಿದ್ದ ನನ್ನ ಪೋಸ್ಟರನ್ನು ನೋಡುತ್ತಿದ್ದರು.

ಕಾಫಿಯ ವಿರಾಮದ ನಂತರ ನನ್ನ ಸರದಿ. ಶೈಲಜಾ ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತಳು.

"ಸರ್, ನಿಮ್ಮವು ಎಷ್ಟ ಹೋದ್ವುರಿ? ಅಮ್ಮಿನಬಾವಿ ಹೆಣ್ಮಕ್ಕಳ ಕೂದ್ಲಾ ನನಗ ಗೊತ್ತೈತಿ."

ಒಂದೂ ಹೋಗಿಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಹದಿಮೂರು."

"ಬರದೀರಿಲ್ಲರಿ?"

"ಇಲ್ಲ."

ಅವಳು ಕಾಫಿ ಕುಡಿದು ಮುಗಿಸಿದಳು. ಚೀಲದಿಂದ ದಪ್ಪನೆಯ ಕಪ್ಪು ಪೆನ್ನೊಂದನ್ನು ತೆಗೆದು ನನ್ನ ಲೋಟದ ಪಕ್ಕ ಇಟ್ಟಳು. "ಬೋರ್ಡ್ ಅಲ್ಲೇ ಐತ್ರಿ," ಎಂದು ಎದ್ದು ಹೋದಳು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾನು ಬೋರ್ಡಿನ ಮೇಲೆ ಮೂವತ್ತು ಎಂದು ಬರೆದೆ, ಕೆಳಗೆ ಹದಿಮೂರು ಎಂದು ಬರೆದೆ. ಆ ಕೋಳಿ ಕೆದರಿದ ಗೆರೆಯೊಂದನ್ನು ನೆನಪಿನಿಂದ ಎಳೆದು ತೋರಿಸಿದೆ. ಎಣ್ಣೆಯ ಕಥೆ, ಬಿಗಿ ಹೆರಳಿನ ಕಥೆ, ನಾನು ಕೈ ಹಚ್ಚಲು ನಾಚಿದ ಕಥೆ ಎಲ್ಲ ಹೇಳಿದೆ. ಬಿಡುವ ನಿಯಮ ಯಾವಾಗ ಮಾಡಿದಿರಿ ಎಂದು ಯಾರೋ ಕೇಳಿದರು. ಗೆರೆ ನೋಡಿದ ಮೇಲೆ ಎಂದೆ. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಹೈಕ್ಕಿ ಒಂದೇ ಪ್ರಶ್ನೆ ಕೇಳಿದರು.

"ತಮ್ಮನ್ನು ಕೈಬಿಟ್ಟದ್ದು ಆ ಹದಿಮೂರು ಹೆಂಗಸರಿಗೆ ಗೊತ್ತೇ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

ಯಂತ್ರ ಶೈಲಜಾಳಿಗೆ ಸಿಕ್ಕಿತು, ಹುಬ್ಬಳ್ಳಿಗೆ ಹೋಯಿತು. ಸಂತೋಷವಾಯಿತು ಎಂದು ಬರೆದರೆ ಮತ್ತೊಂದು ಪೋಸ್ಟರ್ ಬರೆದಂತಾದೀತು. ಬರುವ ದಾರಿಯಲ್ಲಿ ರೈಲಿನ ಕಿಟಕಿಯ ಸೀಟನ್ನು ಅವಳಾಗಿಯೇ ಬಿಟ್ಟುಕೊಟ್ಟಳು, ಅದಕ್ಕೂ ನನಗೆ ಸಿಟ್ಟು ಬಂತು.

ಅಮ್ಮಿನಬಾವಿ

ಪ್ರವಾಸ ಹುಬ್ಬಳ್ಳಿಯಲ್ಲಿ ಇಳಿದಾಗ ಮುಗಿಯಬೇಕಿತ್ತು. ಆದರೆ ಹೈಕ್ಕಿಯ ಪ್ರಶ್ನೆ ಚಪ್ಪಲಿಯ ಮುಳ್ಳಿನಂತೆ ಚುಚ್ಚುತ್ತಿತ್ತು. ಒಂದು ತಿಂಗಳು ತಡೆದೆ. ಆಮೇಲೆ ಶೈಲಜಾಳಿಗೆ ಫೋನು ಮಾಡಿದೆ. ಬೇಡುವುದು ಕಷ್ಟವಾಯಿತು. ಅವಳು ಹೆಚ್ಚು ಬೇಡಿಸಿಕೊಳ್ಳದೆ ಹೊಸ ಯಂತ್ರವನ್ನು ಹೊತ್ತು, ಗಂಗವ್ವನನ್ನೂ ಕರೆದುಕೊಂಡು ಬಂದಳು. ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಶೈಲಾನ ಸರ್ ಅಂದ್ರ ನೀವ ಏನ್ರಿ?" ಎಂದಳು. ಇನ್ನು ಮುಂದೆ ನನಗೆ ಆ ಹೆಸರೇ ಗುರುತು ಎಂದು ಅರ್ಥವಾಯಿತು.

ಹದಿಮೂರರಲ್ಲಿ ಮೊದಲ ಮನೆ ನೀಲವ್ವನದು. ಅರವತ್ತು ದಾಟಿದವಳು, ಹೆರಳು ಇನ್ನೂ ಸೊಂಟ ಮುಟ್ಟುತ್ತದೆ.

"ನೀಲವ್ವಾರ, ಆವತ್ತ ನಿಮ್ಮ ತಲಿದು ನಾ ಬರೀಲಿಲ್ರಿ. ಕೈಬಿಟ್ಟೆ," ಎಂದೆ.

"ಕೈಬಿಟ್ರಿ ಅಂದ್ರ?"

"ಕೂದ್ಲಾ ದಟ್ಟ ಇದ್ವು. ಬೆಳಕ ಒಳಗ ಹೋಗಲಿಲ್ಲ. ತಪ್ಪ ನಂದ."

ನೀಲವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಬಾಜೂಮನಿ ಶಾಂತವ್ವಂದು?"

"ಯಾರ ಹೆಸರೂ ಹೇಳಂಗಿಲ್ರಿ."

"ನೀವೇನ ಹೇಳ್ತೀರಿ, ಆಕೀನ ಊರ ತುಂಬ ಹೇಳಾಕತ್ತಾಳ, ನನ್ನ ತಲಿ ಫಾರಿನ್‌ಗೆ ಹೋಗಿ ಬಂತು ಅಂತ." ಅವಳು ಬಾಜೂಮನಿಯ ಕಡೆ ಕೈ ಮಾಡಿದಳು. "ಆ ಶಾಂತಿಗೆ ಬರೂದ ಎರಡ ನುಡಿ ಹಾಡ. ಉಳಿದದ್ದೆಲ್ಲ ನಾ ಹೇಳಿಕೊಟ್ಟದ್ದ್ರಿ. ಕಲಿಸಿದಾಕಿ ನಾನು. ಹಿಡದದ್ದ ಆಕೀ ತಲಿ?"

ನಾನು ಶೈಲಜಾಳ ಕಡೆ ನೋಡಲಿಲ್ಲ. ಅವಳೂ ಯಂತ್ರದ ವೈರು ಬಿಡಿಸುವುದರಲ್ಲಿ ತಲೆ ಎತ್ತಲಿಲ್ಲ.

ನೀಲವ್ವ ಒಳಗೆ ಹೋಗಿ ಸೀಗೆಕಾಯಿ ಹಾಕಿ ತಲೆ ತೊಳೆದು ಬಂದಳು. ಎಣ್ಣೆಯ ಬಾಟಲಿಯ ಕಡೆ ಕೈ ಹೋದದ್ದನ್ನು ಗಂಗವ್ವ ಒಂದು ನೋಟದಲ್ಲೇ ತಡೆದಳು. ಜಗುಲಿಯ ಮೇಲೆ ಚಾಪೆ ಹಾಸಿ, ಒಬ್ಬಳ ಹಿಂದೆ ಒಬ್ಬಳು ಕೂತರು. ಹಣಿಗೆಯ ಬಾಲ ಒಂದೊಂದೇ ಬೈತಲೆ ತೆಗೆಯುತ್ತ ಹೋಯಿತು. ಶೈಲಜಾ ಒಂದೊಂದು ಗುಂಡಿ ಕೂಡಿಸಿದಳು. ನಾನು ಪಕ್ಕದಲ್ಲಿ ಕೂತು ನೋಟ್‌ಬುಕ್ಕು ತೆರೆದೆ.

"ಆವತ್ತ ಶಾಂತಿ ತಲಿಗೆ ಎಷ್ಟೊತ್ತ ಹಿಡೀತ್ರಿ ಸರ್?" ಎಂದಳು ನೀಲವ್ವ, ಕತ್ತು ಅಲ್ಲಾಡಿಸದೆ.

ಹೆಸರು ಹೇಳುವಂತಿಲ್ಲ ಎಂದು ಮತ್ತೆ ಹೇಳಲು ಧೈರ್ಯ ಸಾಲಲಿಲ್ಲ. "ಎಲ್ಲಾರಿಗೂ ಹತ್ತ ನಿಮಿಷ," ಎಂದೆ.

"ನಂದು?"

"ಒಂದ ತಾಸ ಆತು," ಎಂದಳು ಗಂಗವ್ವ ಬಾಯಲ್ಲಿಯ ಪಿನ್ನು ತೆಗೆದು. "ಇನ್ನೂ ಎಡಗಿವಿ ಮುಟ್ಟಿಲ್ಲ. ಏನ ಕೂದ್ಲಾ ಅದಾವ ಯವ್ವಾ!"

ನೀಲವ್ವ ಬೆನ್ನು ನೆಟ್ಟಗೆ ಮಾಡಿ ಕೂತಳು. ಬಾಜೂಮನಿಯ ಬಾಗಿಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅದನ್ನ ಬರಕೋರಿ ಸರ್."